ಗುಬ್ಬಿ ಬಸ್ ನಿಲ್ದಾಣಕ್ಕೆ ಕ್ಷೇತ್ರ ಭೇಟಿ

ಸರ್ಕಾರಿ ಅಧಿಕಾರಿಗಳಿಗೆ ಮಾನವ ಹಕ್ಕುಗಳ ತರಬೇತಿ ಕೊಡಿಸುವ ಕೆಲಸದಲ್ಲಿ ಹಕ್ಕುಗಳಿಗೆ ಸಿಗುವುದು ಉಳಿದ ಹೊತ್ತು. ಮೊದಲಿನದೆಲ್ಲ ಬ್ಯಾನರಿಗೆ, ಊಟಕ್ಕೆ, ಯಾರ ಹೆಸರು ಯಾರ ಹೆಸರಿನ ಮೇಲೆ ಬರಬೇಕು ಎಂಬ ಚರ್ಚೆಗೆ ಹೋಗುತ್ತದೆ. ನಾನು ತುಮಕೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಈ ಕೆಲಸ ಮಾಡುತ್ತೇನೆ. ಹೊರದೇಶದ ತಜ್ಞರನ್ನು ಕರೆಸುವುದು, ಬೇರೆ ಬೇರೆ ಇಲಾಖೆಗಳ ಅಧಿಕಾರಿಗಳನ್ನು ಒಂದು ಹಾಲಿನಲ್ಲಿ ಕೂರಿಸುವುದು, ತಜ್ಞರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದು, ಕಡೆಗೆ ಅವರು ಬರೆದುಕೊಡುವ ಸಲಹಾ ವರದಿಯನ್ನು ಜಿಲ್ಲಾ ಕಚೇರಿಗೆ ಮುಟ್ಟಿಸುವುದು. ಹೇಳಿಕೊಳ್ಳುವುದಕ್ಕೆ ದೊಡ್ಡ ಕೆಲಸ. ಮಾಡುವಾಗ ಮದುವೆ ಮನೆಯ ಓಡಾಟವೇ, ಗಂಡು ಹೆಣ್ಣು ಮಾತ್ರ ಇರುವುದಿಲ್ಲ.

ನಾನು ಹೇಳಹೊರಟಿರುವ ತರಬೇತಿ ಮೂರು ದಿನದ್ದು. ಕಾನೂನಿನ ಆಧಾರವಿಲ್ಲದೆ ಯಾರನ್ನೂ ಹಿಡಿದಿಡಬಾರದು ಎಂಬುದು ಅದರ ವಿಷಯ. ಒಂದು ಸಲ ದಿನಾಂಕ ನಿಗದಿಯಾಗಿತ್ತು. ಅಷ್ಟರಲ್ಲಿ ಅಧಿವೇಶನ ಬಂತು, ಅಧಿಕಾರಿಗಳು ಕಚೇರಿ ಬಿಡುವಂತಿಲ್ಲ ಎಂದರು. ತಜ್ಞೆಯ ಟಿಕೆಟ್ ರದ್ದು ಮಾಡಿಸಿ ಮತ್ತೆ ಮಾಡಿಸಿದೆ. ಆಕೆ ಯೂರೋಪಿನವರು, ಜೀವಮಾನವೆಲ್ಲ ಬೇರೆ ಬೇರೆ ದೇಶಗಳ ಜೈಲು, ಅನಾಥಾಲಯ, ಹುಚ್ಚಾಸ್ಪತ್ರೆಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು. ಸೊಂಟ ನೋವು, ಅನ್ನ ಸಾರು ಎಂದರೆ ಪ್ರಾಣ, ಮಾತು ಕಡಿಮೆ. ನನಗೆ ನೋಡಿದ ಕೂಡಲೇ ಹಿಡಿಸಿದರು.

ಇನ್ನೊಂದು ತೊಡಕು ನಾಮನಿರ್ದೇಶನದ್ದು. ತರಬೇತಿಗೆ ಒಬ್ಬರನ್ನು ಕಳಿಸಿ ಎಂದು ಕಚೇರಿಗೆ ಪತ್ರ ಬರೆದರೆ ಅಲ್ಲಿ ಯಾರಿಗೆ ಕೆಲಸವಿಲ್ಲವೋ ಅವರನ್ನು ಕಳಿಸುತ್ತಾರೆ. ಮುಂದಿನ ತಿಂಗಳು ನಿವೃತ್ತರಾಗುವವರು, ಸಾಹೇಬರ ಕಣ್ಣಿಗೆ ಕಸವಾದವರು, ಇಲ್ಲವೇ ತುಮಕೂರಿನಲ್ಲಿ ಸ್ವಂತ ಕೆಲಸವಿದೆ ಎಂದವರು. ಅಕ್ಕಿ ಕೊಡಿ ಎಂದರೆ ನುಚ್ಚು ಕೊಡುವ ಪದ್ಧತಿ ಇದು. ಈ ಸಲ ನಾನು ಹಟ ಹಿಡಿದೆ. ಬೀದಿಯಲ್ಲಿರುವವರನ್ನು ಎಬ್ಬಿಸುವ, ಹಿಡಿದು ಸಾಗಿಸುವ ಅಧಿಕಾರ ನಿಜವಾಗಿ ಯಾರ ಕೈಯಲ್ಲಿದೆಯೋ ಅವರೇ ಬರಬೇಕು ಎಂದು ಕಚೇರಿ ಕಚೇರಿ ಅಲೆದೆ. ಹಾಗೆ ಗುಬ್ಬಿಯಿಂದ ಒಬ್ಬ ಅಧಿಕಾರಿ ಬಂದರು. ಇಲಾಖೆಯ ಹೆಸರು ಇಲ್ಲಿ ಬೇಡ. ನಲವತ್ತರ ಆಸುಪಾಸು, ಶಿಸ್ತಿನ ಮನುಷ್ಯ, ಅಕ್ಷರ ಮುತ್ತು ಪೋಣಿಸಿದಂತೆ. ಅಂಥವರು ಸಿಕ್ಕರಲ್ಲ ಎಂದು ಸಂಭ್ರಮಪಟ್ಟೆ.

ತಜ್ಞೆಗೆ ಬರೀ ಉಪನ್ಯಾಸ ಮಾಡುವ ಮನಸ್ಸಿರಲಿಲ್ಲ. ಎರಡನೆಯ ದಿನ ಅಧಿಕಾರಿಗಳ ಜೊತೆ ತಮ್ಮನ್ನು ಒಂದು ಸಾಧಾರಣ ಜಾಗಕ್ಕೆ ಕರೆದೊಯ್ಯಬೇಕು ಎಂದು ಬರೆದಿದ್ದರು. ಬೆಂಚಿನ ಮೇಲೆ ಕೂತು ಸುಮ್ಮನೆ ನೋಡುವುದು. ಯಾರನ್ನು ಎದ್ದೇಳು ಅನ್ನುತ್ತಾರೆ, ಯಾರನ್ನು ಅನ್ನುವುದಿಲ್ಲ. ಆಮೇಲೆ ಅಲ್ಲೇ ದಿನ ಕಳೆಯುವವರನ್ನು ಮಾತಾಡಿಸುವುದು. ನಾನು ಗುಬ್ಬಿ ಬಸ್ ನಿಲ್ದಾಣ ಅಂದೆ. ತುಮಕೂರಿಗೆ ಹತ್ತಿರ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಪಿನ್ನಿನಜ್ಜಿ.

ಅಜ್ಜಿ ಕೂದಲು ಕೊಳ್ಳುವ ಅಲೆಮಾರಿ ಮನೆತನದವಳು. ಹೆಂಗಸರು ಬಾಚಿಕೊಳ್ಳುವಾಗ ಉದುರಿದ ಕೂದಲನ್ನು ತೆಗೆದುಕೊಂಡು ಅದಕ್ಕೆ ಬದಲು ಪಿನ್ನು, ಬಾಚಣಿಗೆ, ರಿಬ್ಬನ್ನು ಕೊಡುವುದು ಅವರ ಕಸುಬು. ನಮ್ಮ ಅಮೃತೂರಿನ ಮನೆಯಲ್ಲಿ ಅಮ್ಮ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ತೂತಿಗೆ ಸಿಕ್ಕಿಸುತ್ತಿದ್ದಳು. ಬೀದಿಯಲ್ಲಿ ಕೂಗು ಕೇಳಿದರೆ ನಾನು ಆ ಉಂಡೆಗಳನ್ನೆಲ್ಲ ಕಿತ್ತುಕೊಂಡು ಓಡುತ್ತಿದ್ದೆ. ಹಾಗೆ ಬರುತ್ತಿದ್ದವಳು ಇದೇ ಅಜ್ಜಿಯೋ ಅಲ್ಲವೋ ಗೊತ್ತಿಲ್ಲ. ಕೇಳಿದಾಗ ಅವಳು, "ಅಮೃತೂರ್ಗ್ ನಾ ಹೋಗ್ದೆ ಇನ್ಯಾರ್ ಹೋಗವ್ರೆ ಬುಡು" ಎಂದು ನಕ್ಕಿದ್ದಳು. ಈಗ ಕಾಲು ಸೋತಿದ್ದರಿಂದ ಹಳ್ಳಿ ತಿರುಗುವುದು ಬಿಟ್ಟು ಗುಬ್ಬಿ ಬಸ್ ನಿಲ್ದಾಣದ ಕಂಬದ ಬುಡದಲ್ಲಿ ಕೂರುತ್ತಿದ್ದಳು. ಹೆಗಲಿಗೆ ಒಂದು ಚೀಲ, ಎದುರಿಗೆ ಹಾಸಿದ ಬಟ್ಟೆಯ ಮೇಲೆ ಪಿನ್ನು, ಬಾಚಣಿಗೆ. ಬೀದಿ ವ್ಯಾಪಾರಿಯ ಗುರುತಿನ ಚೀಟಿ ಕೇಳಿದರೆ, ಗಾಡಿ ಇಲ್ಲದವರಿಗೆ ಕೊಡುವುದಿಲ್ಲ ಎಂದು ಪಟ್ಟಣ ಪಂಚಾಯಿತಿಯವರು ಹೇಳಿದ್ದರಂತೆ. ತಾನು ಮಾತ್ರ ವಯಸ್ಸಿಗೆ ಮೀರಿದ ಕೂದಲಿನವಳು. ಬೆಳ್ಳಗೆ, ಉದ್ದಕ್ಕೆ, ಎಣ್ಣೆ ಹಾಕಿ ಕಟ್ಟಿದ ದೊಡ್ಡ ತುರುಬು.

ತಜ್ಞೆ ಬರುವ ವಿಷಯ ಅವಳಿಗೆ ಮೊದಲೇ ತಿಳಿಸಿ, ನನ್ನ ನಂಬರಿರುವ ಕಾರ್ಡು ಕೊಟ್ಟಿದ್ದೆ.

"ಏನ್ ಕೇಳ್ತಾರವ್ವ ನನ್ನ?"

"ನೀನು ದಿನಾ ಹೆಂಗ್ ಕಳೀತೀಯ, ಯಾರಾದ್ರೂ ತೊಂದ್ರೆ ಕೊಡ್ತಾರಾ, ಅಷ್ಟೇ ಅಜ್ಜಿ."

"ಹಂಗಾರೆ ಒಳ್ಳೆ ಸೀರೆ ಉಟ್ಕಂಡ್ ಬರ್ತೀನಿ."

ಜಿಲ್ಲಾ ಮಟ್ಟದಲ್ಲಿ ನಮ್ಮ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದವರು ಒಬ್ಬ ನೋಡಲ್ ಅಧಿಕಾರಿ. ಕೆಟ್ಟವರಲ್ಲ. ಯಾವ ಕಾಗದವೂ ತಮ್ಮ ಮೇಜಿನ ಮೇಲೆ ರಾತ್ರಿ ಉಳಿಯಬಾರದು, ಯಾವ ಜವಾಬ್ದಾರಿಯೂ ತಮ್ಮ ಹೆಸರಿನಲ್ಲಿ ಇರಬಾರದು, ಇವೆರಡೇ ಅವರ ನೇಮ. "ಟಿ.ಪಿ. ಇಲ್ದೆ ಫಾರಿನ್ನೋರನ್ನ ತಾಲ್ಲೂಕಿಗೆ ಕರ್ಕೊಂಡು ಹೋಗೋಕಾಗುತ್ತಾ ಮೇಡಂ?" ಎಂದರು. ಟಿ.ಪಿ. ಎಂದರೆ ಪ್ರವಾಸ ಕಾರ್ಯಕ್ರಮ. ಎಲ್ಲಿಗೆ, ಯಾವಾಗ, ಯಾತಕ್ಕೆ ಎಂದು ಬರೆದು ಮುಂಚಿತವಾಗಿ ಕಳಿಸಬೇಕು. ನಾನು ಟೈಪ್ ಮಾಡಿಕೊಟ್ಟೆ: ಗುಬ್ಬಿ ಬಸ್ ನಿಲ್ದಾಣ, ಗುರುವಾರ, ಸಾರ್ವಜನಿಕ ಸ್ಥಳದಲ್ಲಿ ಜನರ ಸ್ಥಿತಿಗತಿಯ ವೀಕ್ಷಣೆ. ಅವರು ಅದಕ್ಕೊಂದು ಮುಖಪತ್ರ ಹಾಕಿ ಗುಬ್ಬಿಗೆ ಕಳಿಸಿದರು. ಕೊನೆಯ ಸಾಲು, 'ಅಗತ್ಯ ಸಿದ್ಧತೆ ಮಾಡಿಕೊಳ್ಳತಕ್ಕದ್ದು.' ನಾನು ಅದನ್ನು ಓದಿದೆ. ಮನೆಯ ಕಾಗದದಲ್ಲಿ 'ಇಲ್ಲಿ ಎಲ್ಲರೂ ಕ್ಷೇಮ' ಎಂದಿರುವ ಹಾಗೆ ಸರ್ಕಾರದ ಕಾಗದದಲ್ಲಿ ಆ ಸಾಲು ಇದ್ದೇ ಇರುತ್ತದೆ. ಯಾರು ಯೋಚನೆ ಮಾಡುತ್ತಾರೆ?

ಬುಧವಾರ ತರಬೇತಿ ಶುರುವಾಯಿತು. ದೀಪ ಹಚ್ಚಿ, ಹಾರ ಹಾಕಿ, ಭಾಷಣ ಮುಗಿಯುವ ಹೊತ್ತಿಗೆ ಬೆಳಗಿನ ಪಾಠದ ಅರ್ಧ ಹೊತ್ತು ಹೋಗಿತ್ತು. ತಜ್ಞೆ ಕೇಳಿದ ಮೊದಲ ಪ್ರಶ್ನೆ, ಒಬ್ಬ ಮನುಷ್ಯ ಬಂಧನದಲ್ಲಿದ್ದಾನೆ ಎಂದು ಯಾವಾಗ ಹೇಳಬಹುದು? ಅರೆಸ್ಟ್ ಮಾಡಿದಾಗ ಎಂದರು ಒಬ್ಬರು. ಲಾಕಪ್ಪಿಗೆ ಹಾಕಿದಾಗ ಎಂದರು ಇನ್ನೊಬ್ಬರು. ಕೋರ ಹೋಬಳಿಯ ಕಡೆಯವರೊಬ್ಬರು, ರಿಜಿಸ್ಟರಲ್ಲಿ ಎಂಟ್ರಿ ಮಾಡಿದಾಗ ಮೇಡಂ, ಎಂಟ್ರಿ ಇಲ್ಲದಿದ್ರೆ ಬಂಧನನೇ ಅಲ್ಲ ಎಂದರು. ಎಲ್ಲರೂ ನಕ್ಕರು.

ಆಗ ಗುಬ್ಬಿಯ ಅಧಿಕಾರಿ ಕೈಯೆತ್ತಿದರು. "ನಾನು ಹೋಗ್ತೀನಿ ಅಂದೋರನ್ನ ಹೋಗೋಕೆ ಬಿಡದಿದ್ರೆ ಅದೇ ಬಂಧನ. ಬೀಗ ಬೇಕಾಗಿಲ್ಲ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ತಜ್ಞೆ ಮಾರ್ಕರ್ ಅವರ ಕೈಗೇ ಕೊಟ್ಟು ಬೋರ್ಡಿನ ಮೇಲೆ ಬರೆಸಿದರು. ಮೂರು ದಿನವೂ ಅದನ್ನು ಅಳಿಸಬಾರದು ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಈ ಜಿಲ್ಲೆಯಲ್ಲಿ ಏನೋ ಒಂದು ಆಗಿಯೇ ಆಗುತ್ತದೆ ಎಂದು ನಂಬಿಬಿಟ್ಟೆ.

ಗುರುವಾರ ಬಸ್ಸಿನಲ್ಲಿ ಎಲ್ಲರೂ ಗುಬ್ಬಿಗೆ ಹೋದೆವು. ನಿಲ್ದಾಣದ ಬಾಗಿಲಿಗೆ ರಂಗೋಲಿ ಹಾಕಿದ್ದರು. ಅಂಚಿನುದ್ದಕ್ಕೂ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ. ಬೆಂಚುಗಳು ತೊಳೆದು ಒದ್ದೆಯಾಗಿದ್ದವು. ಕಡಲೆಕಾಯಿ ಮಾರುವವನಿಲ್ಲ, ಪೆನ್ನು ಮಾರುವ ಕಿವಿ ಕೇಳದ ಮುದುಕನಿಲ್ಲ, ಬೆಂಚಿನ ಕೆಳಗೆ ಮಲಗುತ್ತಿದ್ದ ಹೆಂಗಸಿಲ್ಲ. ಕಂಬದ ಬುಡ ಖಾಲಿ. ಅಜ್ಜಿ ಕೂರುವ ಜಾಗದಲ್ಲಿ ಒಂದು ಹೂಕುಂಡ ಇಟ್ಟಿದ್ದರು.

ತಜ್ಞೆ ಒದ್ದೆ ಬೆಂಚಿನ ಮೇಲೆ ಕೈವಸ್ತ್ರ ಹಾಸಿ ಕೂತರು. ಎಷ್ಟೋ ಹೊತ್ತು ನೋಡಿ, ಜನ ಎಲ್ಲಿ ಎಂದು ಕೇಳಿದರು.

ಗುಬ್ಬಿಯ ಅಧಿಕಾರಿ ನನ್ನ ಹತ್ತಿರ ಬಂದು ಮೆಲ್ಲಗೆ, ಆದರೆ ಹೆಮ್ಮೆಯಿಂದಲೇ ಹೇಳಿದರು. "ಎಲ್ಲಾ ಕ್ಲಿಯರ್ ಮಾಡಿಸಿದೀವಿ ಮೇಡಂ. ನೆನ್ನೆ ಸಂಜೆನೇ ನಮ್ಮ ಹುಡುಗ್ರು ವ್ಯಾನ್ ತಂದು ಮುಗಿಸಿದ್ರು."

"ಕ್ಲಿಯರ್ ಅಂದ್ರೆ? ಎಲ್ಲಿಗ್ ಕಳಿಸಿದ್ರಿ ಸರ್?"

"ಭಿಕ್ಷುಕರ ಕೇಂದ್ರಕ್ಕೆ. ಹೊತ್ತು ಹೊತ್ತಿಗೆ ಊಟ, ಬಟ್ಟೆ, ಸ್ನಾನ ಎಲ್ಲಾ ಕೊಡ್ತಾರೆ. ಇಲ್ಲಿಗಿಂತ ಚೆನ್ನಾಗಿರ್ತಾರೆ."

"ಪಿನ್ ಮಾರೋ ಅಜ್ಜಿ ಇದ್ಲಲ್ಲ ಸರ್, ಅವಳು ಭಿಕ್ಷೆ ಬೇಡ್ತಿರಲಿಲ್ಲ!"

ಅವರಿಗೆ ನನ್ನ ಸಿಟ್ಟು ನಿಜವಾಗಿ ಅರ್ಥವಾಗಲಿಲ್ಲ. "ಫಾರಿನ್ನೋರು ಬರ್ತಾರೆ ಅಂತ ನೀವೇ ಟಿ.ಪಿ. ಕಳಿಸಿದ್ರಲ್ಲ ಮೇಡಂ. ಊರಿನ ಮರ್ಯಾದೆ ಪ್ರಶ್ನೆ. ನಾವು ಮನೆಗೆ ನೆಂಟರು ಬರ್ತಾರೆ ಅಂದ್ರೆ ಜಗುಲಿ ಗುಡಿಸಲ್ವಾ?"

ನಾನು ಅಲ್ಲಿಯೇ ಕೂಗಾಡಬೇಕಿತ್ತು ಅನ್ನಿಸುತ್ತದೆ. ಸುತ್ತ ಇಪ್ಪತ್ತು ಮೂವತ್ತು ಜನ ಅಧಿಕಾರಿಗಳು ಎಳನೀರು ಕುಡಿಯುತ್ತಾ ನಿಂತಿದ್ದರು. ತಜ್ಞೆಗೆ ಹೇಳಿದ್ದು ವಾಪಸ್ ಬರುವಾಗ. ಅವರು ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡರು. ತಾವು ಹೋದ ಒಂದೊಂದು ದೇಶದಲ್ಲೂ ತಾವು ಹೋಗುವ ಮುಂಚೆ ಯಾರೋ ಗುಡಿಸಿರುತ್ತಾರೆ ಎಂದರು.

ಶುಕ್ರವಾರ ಬೆಳಿಗ್ಗೆ ಹಾಲಿನ ಗೇಟಿನ ಹತ್ತಿರ ಒಬ್ಬಳು ನಿಂತಿದ್ದಳು. ಕೈಯಲ್ಲಿ ನಾನು ಅಜ್ಜಿಗೆ ಕೊಟ್ಟಿದ್ದ ಕಾರ್ಡು, ಅಜ್ಜಿಯ ಆಧಾರ್, ರೇಷನ್ ಕಾರ್ಡು. ಅಜ್ಜಿಯ ಮಗಳು. ಕುಣಿಗಲ್ಲಿನ ಹೈವೇ ಹೋಟೆಲಿನಲ್ಲಿ ರೂಮು ಗುಡಿಸುವ ಕೆಲಸ ಅವಳದು. ಅಮ್ಮ ರಾತ್ರಿ ಗುಬ್ಬಿಯ ಗುಡಿಸಿಲಿಗೆ ಬರಲಿಲ್ಲ ಎಂದು ತಿಳಿದು ಅಲ್ಲಿಗೆ ಹೋಗಿ, ಅಂಗಡಿಯವರಿಂದ ಕೇಳಿ, ಕೇಂದ್ರಕ್ಕೆ ಹೋಗಿ, ಅಲ್ಲಿ ಒಳಗೆ ಬಿಡದೆ ಇಲ್ಲಿಗೆ ಬಂದಿದ್ದಳು.

"ಅಕ್ಕಾ, ಅಲ್ಲಿ ತಲೆ ಬೋಳಿಸ್ತಾರಂತೆ. ಹೇನು ಅಂತ. ಇವತ್ ಮಧ್ಯಾಹ್ನ ಹಜಾಮ್ರು ಬರ್ತಾರೆ ಅಂದ್ರು ಗೇಟ್ನೋರು."

ನಾನು ಅವಳ ಕೈಯಲ್ಲಿದ್ದ ಆಧಾರ್ ತೆಗೆದು ನೋಡಿದೆ.

"ನಮ್ಮಮ್ಮ ಊರೋರ್ ಕೂದ್ಲು ಮಾರಿ ನನ್ನ ಸಾಕವ್ಳೆ. ನನ್ ಮದ್ವೇಲಿ ಕಷ್ಟ ಬಂದಾಗ್ಲೂವೆ ತನ್ ಕೂದ್ಲು ಮುಟ್ಟಿಲ್ಲ ಕಣಕ್ಕ. ನಮ್ಮಪ್ಪ ಇದ್ದಾಗ ಅದ್ನ ಬಾಚ್ತಿದ್ನಂತೆ. ಹೆಂಗಾರ ಮಾಡಿ ಮಧ್ಯಾಹ್ನದೊಳಗೆ ಬುಡ್ಸಿ."

ಆಗ ನನ್ನ ಮುಂದಿದ್ದದ್ದು ಇಷ್ಟೇ. ಹಾಲಿನ ಒಳಗೆ, ಈ ಅಜ್ಜಿಯನ್ನು ಬಿಡಿ ಎಂದು ಒಂದು ಮಾತು ಹೇಳಬಲ್ಲವರೆಲ್ಲ ಕೂತಿದ್ದಾರೆ. ಮಧ್ಯಾಹ್ನದೊಳಗೆ ಒಬ್ಬರ ಬಾಯಲ್ಲಾದರೂ ಅದನ್ನು ಹೇಳಿಸಬೇಕು.

ನೋಡಲ್ ಅಧಿಕಾರಿಗೆ ಹೇಳಿದೆ. "ಸಮಾರೋಪ ಮುಗೀಲಿ ಮೇಡಂ. ಇವತ್ತು ಮೇಲಿನೋರು ಬರ್ತಾರೆ, ಮಧ್ಯೆ ಇದೊಂದು ಬೇಡ" ಎಂದರು. ಗುಬ್ಬಿಯ ಅಧಿಕಾರಿಯನ್ನು ಟೀ ಹೊತ್ತಿನಲ್ಲಿ ಕಾರಿಡಾರಿಗೆ ಕರೆದು ಮಗಳನ್ನು ಎದುರಿಗೇ ನಿಲ್ಲಿಸಿದೆ. ಅವರು ಅವಳ ಕಾರ್ಡುಗಳನ್ನೆಲ್ಲ ಸಮಾಧಾನವಾಗಿ ನೋಡಿದರು.

"ಇವರ ತಾಯಿನ ತಪ್ಪಾಗಿ ಕರ್ಕೊಂಡು ಹೋಗಿದೀವಿ ಅಂತ ಒಂದು ಪತ್ರ ಕೊಡಿ ಸರ್. ಈಗಲೇ ಬಿಡ್ತಾರೆ."

"ತಪ್ಪಾಗಿ ಅಂತ ಬರೆದುಕೊಟ್ರೆ ನಾಳೆ ನನಗೆ ನೋಟಿಸು ಮೇಡಂ. ಇನ್ನೊಂದು ದಾರಿ ಇದೆ. ಮಗಳು ಮುಚ್ಚಳಿಕೆ ಬರೆದುಕೊಡಲಿ. ಇನ್ನುಮುಂದೆ ನಮ್ಮ ತಾಯಿ ಭಿಕ್ಷೆ ಬೇಡದಂಗೆ ನೋಡ್ಕೋತೀನಿ ಅಂತ. ನಾನು ಕೇಂದ್ರಕ್ಕೆ ಫೋನ್ ಮಾಡ್ತೀನಿ, ಊಟದೊಳಗೆ ಅಜ್ಜಿ ಈಚೆ ಬರ್ತಾರೆ."

ಮಗಳ ಮುಖ ಕೆಂಪಾಯಿತು. "ನಮ್ಮಮ್ಮ ಭಿಕ್ಷೆ ಬೇಡಿಲ್ಲ ಸಾರ್."

"ಬೇಡಿದಾರೆ ಅಂತ ನಾನೂ ಹೇಳ್ತಿಲ್ಲವಮ್ಮ. ಅದು ಫಾರ್ಮ್ಯಾಟು."

ತಜ್ಞೆಯನ್ನು ಕೇಳಿದೆ. ಅವರು ಮಗಳ ಕೈ ಹಿಡಿದುಕೊಂಡು ಹೇಳಿದ್ದನ್ನು ನಾನು ಕನ್ನಡದಲ್ಲಿ ಅವಳಿಗೆ ಹೇಳಿದೆ. ಸುಳ್ಳನ್ನು ಒಪ್ಪಿ ಸಹಿ ಮಾಡಬೇಡ. ಒಮ್ಮೆ ಭಿಕ್ಷುಕಿ ಎಂದು ಕಾಗದದಲ್ಲಿ ಬಂದರೆ ಇನ್ನೊಮ್ಮೆ ಹಿಡಿದಾಗ ಬಿಡಿಸುವುದು ಕಷ್ಟ. ತಾನು ಸಲಹೆ ಕೊಡಲು ಬಂದವಳು, ಯಾವ ಅಧಿಕಾರಿಗೂ ಆಜ್ಞೆ ಮಾಡುವ ಹಾಗಿಲ್ಲ, ಆದರೆ ವರದಿಯಲ್ಲಿ ಖಂಡಿತ ಬರೆಯುತ್ತೇನೆ. ಎಲ್ಲವೂ ಸರಿಯಾದ ಮಾತೇ. ಮಗಳು ತಜ್ಞೆಯ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು.

"ನೀವ್ ಹೇಳ್ದಂಗೆ ಅಕ್ಕ."

ಸಹಿ ಹಾಕು ಎಂದು ನಾನು ಹೇಳಲಿಲ್ಲ. ಹಾಲಿನಲ್ಲಿ ಇದನ್ನು ಎಲ್ಲರ ಮುಂದಿಡುತ್ತೇನೆ, ಮೂರು ದಿನ ಕಲಿತವರು, ಬೋರ್ಡಿನ ಮೇಲೆ ಅವರೇ ಬರೆದದ್ದು ಇನ್ನೂ ಇದೆ, ಅದನ್ನು ನೋಡಿಕೊಂಡು ಇಲ್ಲ ಎನ್ನಲಾರರು ಎಂದುಕೊಂಡೆ. ಅವಳನ್ನು ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕೂರಿಸಿ ಒಳಗೆ ಹೋದೆ.

ಕೊನೆಯ ಪಾಠದಲ್ಲಿ ಗುಂಪು ಚಟುವಟಿಕೆ ಇತ್ತು. ಬೇರೊಂದು ದೇಶದ ಉದಾಹರಣೆ ಕೊಡಬೇಕಿತ್ತು. ನಾನು ತಜ್ಞೆಯನ್ನು ಕೇಳಿ ಅದನ್ನು ಬದಲಾಯಿಸಿದೆ. ಊರು ಹೇಳದೆ ಅಜ್ಜಿಯ ಕಥೆಯನ್ನೇ ಹೇಳಿದೆ. ಸಣ್ಣ ವ್ಯಾಪಾರ ಮಾಡುವ ಒಬ್ಬ ಮುದುಕಿ, ಗಣ್ಯರು ಬರುತ್ತಾರೆಂದು ಅವಳನ್ನು ಭಿಕ್ಷುಕರ ಜೊತೆ ಸಾಗಿಸಿದ್ದಾರೆ, ಈಗ ಏನು ಮಾಡಬೇಕು? ಗುಂಪು ಗುಂಪಾಗಿ ಕೂತು ಚಾರ್ಟಿನ ಮೇಲೆ ಬರೆಯಿರಿ.

ಅವರು ಬರೆದ ಉತ್ತರಗಳನ್ನು ಯಾವ ದೊಡ್ಡ ಕಾಲೇಜಿನವರೂ ಬರೆಯಲಾರರು. ಹಿಡಿದದ್ದಕ್ಕೆ ಕಾನೂನಿನ ಆಧಾರವಿಲ್ಲ. ವಿಚಾರಣೆ ನಡೆದಿಲ್ಲ. ಮನೆಯವರಿಗೆ ತಿಳಿಸಿಲ್ಲ. ವ್ಯಾಪಾರ ಮಾಡುವುದು ಅವಳ ಹಕ್ಕು. ಗುಬ್ಬಿಯ ಅಧಿಕಾರಿಯ ಗುಂಪಿನದು ಎಲ್ಲರಿಗಿಂತ ಚೆನ್ನಾಗಿತ್ತು. ಅವರೇ ಬರೆದಿದ್ದರು. ಕೊನೆಯಲ್ಲಿ ಕೆಂಪು ಮಾರ್ಕರಿನಲ್ಲಿ 'ತಕ್ಷಣ ಬಿಡುಗಡೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅವರು ಬರೆಯುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಯಾರ ಕಥೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸರಿಯಾದ ಉತ್ತರ ಬರೆದರು. ಪರೀಕ್ಷೆಯಲ್ಲಿ ತಪ್ಪು ಬರೆಯುವ ಮನುಷ್ಯರಲ್ಲ ಅವರು.

ಚಪ್ಪಾಳೆ ಆಯಿತು. ಆಗ ನಾನು ಮೈಕ್ ಹಿಡಿದು ಹೇಳಿದೆ. ಈ ಅಜ್ಜಿ ಕಥೆಯಲ್ಲ. ನಮ್ಮ ಕ್ಷೇತ್ರ ಭೇಟಿಗಾಗಿ ಬುಧವಾರ ಅವಳನ್ನು ಗುಬ್ಬಿಯಿಂದ ಎತ್ತಿಕೊಂಡು ಹೋಗಿದ್ದಾರೆ. ಇಲ್ಲೇ ತುಮಕೂರಿನಾಚೆಯ ಕೇಂದ್ರದಲ್ಲಿದ್ದಾಳೆ, ಅವಳ ಮಗಳು ಹೊರಗೆ ಮರದ ಕೆಳಗೆ ಕೂತಿದ್ದಾಳೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಅವಳ ತಲೆ ಬೋಳಿಸುತ್ತಾರೆ. ನೀವು ಬರೆದಿರುವುದನ್ನು ಯಾರಾದರೂ ಒಬ್ಬರು ಫೋನಿನಲ್ಲಿ ಹೇಳಿ. ಒಬ್ಬರು ಸಾಕು.

ಎಲ್ಲರೂ ತಮ್ಮ ತಮ್ಮ ಚಾರ್ಟು ನೋಡುತ್ತಾ ಕೂತರು. ಗುಬ್ಬಿಯ ಅಧಿಕಾರಿ ಮಾರ್ಕರಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಕಡೆಗೆ ನೋಡಲ್ ಅಧಿಕಾರಿ ಎದ್ದರು.

"ಮೇಡಂ ತುಂಬಾ ಸೂಕ್ಷ್ಮವಾದ ವಿಷಯ ಪ್ರಸ್ತಾಪ ಮಾಡಿದಾರೆ. ಇದನ್ನ ಕಡತದಲ್ಲಿ ಮಂಡಿಸಿದ್ರೆ ಸಂಬಂಧಪಟ್ಟ ಇಲಾಖೆ ಪರಿಶೀಲಿಸುತ್ತೆ. ಈಗ ಎಲ್ಲರೂ ಗ್ರೂಪ್ ಫೋಟೋಗೆ ಬರಬೇಕು, ಆಮೇಲೆ ಊಟ."

ಫೋಟೋಗೆ ಒಳ್ಳೆ ಹಿನ್ನೆಲೆ ಇರಲಿ ಎಂದು ಯಾರೋ ಚಾರ್ಟುಗಳನ್ನು ಗೋಡೆಗೆ ಅಂಟಿಸಿದರು. ಆ ಫೋಟೋ ಈಗಲೂ ನಮ್ಮ ಕಚೇರಿಯಲ್ಲಿದೆ. ನಡುವೆ ಕುರ್ಚಿಯಲ್ಲಿ ತಜ್ಞೆ, ಅವರ ತಲೆಯ ಮೇಲೆ ಕೆಂಪಕ್ಷರದಲ್ಲಿ 'ತಕ್ಷಣ ಬಿಡುಗಡೆ'. ಕೋರದ ಕಡೆಯವರು ಊಟಕ್ಕೆ ಹೋಗುತ್ತಾ, "ಚೆನ್ನಾಗಿ ಹೇಳಿದ್ರಿ ಮೇಡಂ, ಕಣ್ಣಲ್ಲಿ ನೀರ್ ಬಂತು" ಎಂದರು. ಸುಳ್ಳಲ್ಲ, ಕಣ್ಣು ಒದ್ದೆಯಾಗಿತ್ತು. ಊಟಕ್ಕೆ ಹೋಳಿಗೆ ಇತ್ತು. ನಾನೇ ಹೇಳಿ ಮಾಡಿಸಿದ್ದು.

ಆ ಕೆಂಪಕ್ಷರದ ಚಾರ್ಟನ್ನು ಗೋಡೆಯಿಂದ ಕಿತ್ತು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಮಗಳನ್ನು ಆಟೋ ಹತ್ತಿಸಿಕೊಂಡು ಕೇಂದ್ರಕ್ಕೆ ಹೊರಟೆ. ಏನು ಬುದ್ಧಿಯೋ. ಹತ್ತು ಜನ ಅಧಿಕಾರಿಗಳು ಬರೆದದ್ದಲ್ಲವೇ ಎಂಬ ಹುಚ್ಚು ಧೈರ್ಯ. ಅಲ್ಲಿನ ಮೇಲ್ವಿಚಾರಕಿ ಅದನ್ನು ಮೇಜಿನ ಮೇಲೆ ಬಿಡಿಸಿ ಪೂರ್ತಿ ಓದಿದರು.

"ಅಕ್ಷರ ಚೆನ್ನಾಗಿದೆ" ಎಂದರು. "ಆದ್ರೆ ಇದಕ್ಕೆ ಸೀಲೆಲ್ಲಿ ಮೇಡಂ? ಸಹಿ ಎಲ್ಲಿ?"

ಆಗ ಅವರ ಫೋನ್ ಬಡಿದುಕೊಂಡಿತು. ಗುಬ್ಬಿಯ ಅಧಿಕಾರಿಯೇ. ಊಟ ಬಿಟ್ಟು ಎದ್ದು ಮಾಡಿದ್ದರೋ ಮುಗಿಸಿ ಮಾಡಿದ್ದರೋ ತಿಳಿಯದು. ಮೇಲ್ವಿಚಾರಕಿ "ಆಯ್ತು ಸರ್, ಆಯ್ತು ಸರ್, ನಿಮ್ಮ ಮಾತಿಗೆ" ಎಂದು ಇಟ್ಟರು. ಮುಚ್ಚಳಿಕೆಯ ಫಾರಂ ತೆಗೆದರು. ಹಕ್ಕು ಎಂದು ಕೇಳಿದರೆ ಕಡತ, ಉಪಕಾರ ಎಂದು ಕೇಳಿದರೆ ಫೋನು. ಬೆಳಿಗ್ಗೆ ಇದೇ ಫೋನು, ಇದೇ ಫಾರಂ ನಮ್ಮ ಕೈಗೆ ಸಿಕ್ಕಿತ್ತು, ಬೇಡ ಎಂದವಳು ನಾನು. ಮಗಳು ಓದದೆ ಸಹಿ ಮಾಡಿದಳು. 'ನನ್ನ ತಾಯಿಯು ಭಿಕ್ಷಾಟನೆ ಮಾಡದಂತೆ' ಎಂಬ ಸಾಲಿನ ಮೇಲೆ ಅವಳ ಕಣ್ಣೀರು ಬಿದ್ದು ಶಾಯಿ ಹರಡಿತು. ಮೇಲ್ವಿಚಾರಕಿ ಬೇಸರ ಮಾಡಿಕೊಳ್ಳದೆ ಇನ್ನೊಂದು ಫಾರಂ ಕೊಟ್ಟರು.

ಅಜ್ಜಿಯನ್ನು ಕರೆತಂದರು. ತಲೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದಿದ್ದಳು. ಸೀರೆ ಅವಳದಲ್ಲ, ಕೇಂದ್ರದ್ದು. ಮಗಳು ಸೆರಗಿಗೆ ಕೈ ಹಾಕಿದಾಗ ಅಜ್ಜಿ ಅವಳ ಕೈ ಹಿಡಿದುಕೊಂಡು, "ಈಗ ತಾನೇ ಆಯ್ತು ಕಣೇ, ಬುಡು" ಎಂದಳು. ಸೆರಗಿನ ಅಂಚಿನಲ್ಲಿ, ಕಿವಿಯ ಹಿಂದೆ, ಬ್ಲೇಡು ತಾಗಿ ರಕ್ತ ಬಂದಿತ್ತು. ಅವಳ ಚೀಲ ಕೇಳಿದೆ. ಒಳಗೆ ಕೊಳಕು ಕೂದಲಿತ್ತು, ಸುಟ್ಟಿದ್ದೇವೆ ಎಂದರು. ಪಿನ್ನುಗಳನ್ನು ಮಾತ್ರ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎಲ್ಲಾ ಸರಿಯಾಗಿದೆಯಾ ನೋಡ್ಕೊಳ್ಳಜ್ಜಿ ಎಂದು ಕೊಟ್ಟರು.

ಆಟೋದಲ್ಲಿ ನಾನು ಅವಳ ಮುಖ ನೋಡಲಾರದೆ ಹೊರಗೆ ನೋಡುತ್ತಿದ್ದೆ. ಅವಳೇ ಮಾತಾಡಿಸಿದಳು.

"ಆ ಫಾರಿನ್ ಅವ್ವ ಬಂದಿದ್ರಾ?"

"ಬಂದಿದ್ರು ಅಜ್ಜಿ."

"ನಾನ್ ಸಿಗ್ಲಿಲ್ಲ ಅಂತ ಬೇಜಾರ್ ಮಾಡ್ಕಂಡ್ರಾ ಏನೋ. ವ್ಯಾನ್ನೋರ್ಗೆ ಹೇಳ್ದೆ ಕಣವ್ವ. ನಾಳೆ ನನ್ ಮಾತಾಡ್ಸೋಕೆ ಫಾರಿನ್ನಿಂದ ಬರ್ತಾ ಅವ್ರೆ, ನನ್ ಬುಟ್ಬುಡಿ ಅಂತ. ನಿಮ್ ಕಾರ್ಡೂ ತೋರ್ಸ್ದೆ. ಹೌದಾ, ಹಂಗಾರೆ ನೀನೇ ಮೊದ್ಲು ಹತ್ತು ಅಂದ್ರು. ಕಾರ್ಡು ಅಲ್ಲೇ ಬಿತ್ತು, ಅಂಗ್ಡಿಯೋರ್ ಎತ್ತಿ ಮಗ್ಳಿಗ್ ಕೊಟ್ರಂತೆ."

ನನಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ನನ್ನ ಬೆನ್ನು ಸವರಿದಳು. ಅವಳು ನನ್ನನ್ನು ಸಮಾಧಾನ ಮಾಡಿದ್ದು ಇವತ್ತಿಗೂ ನನಗೆ ಅವಮಾನವಾಗಿಯೇ ಉಳಿದಿದೆ.

ತಜ್ಞೆ ಮಾತಿಗೆ ತಪ್ಪಲಿಲ್ಲ. ಕೆಲವು ತಿಂಗಳ ಮೇಲೆ ಸಲಹಾ ವರದಿ ಬಂತು. ಗಣ್ಯರ ಭೇಟಿಗೆ ಮುಂಚೆ ಸಾರ್ವಜನಿಕ ಸ್ಥಳದಿಂದ ಯಾರನ್ನೂ ತೆರವು ಮಾಡಬಾರದು, ಕೇಂದ್ರಗಳಲ್ಲಿ ಒಪ್ಪಿಗೆಯಿಲ್ಲದೆ ತಲೆ ಬೋಳಿಸಬಾರದು ಎಂದು ಸ್ಪಷ್ಟವಾಗಿ ಬರೆದಿದ್ದರು. ನಾನು ಅದನ್ನು ಕೂತು ಕನ್ನಡಕ್ಕೆ ತಂದು ನೋಡಲ್ ಅಧಿಕಾರಿಯ ಕೈಗೇ ಕೊಟ್ಟೆ. ಅವರು ಮೊದಲ ಪುಟದ ಅಂಚಿನಲ್ಲಿ 'ಪರಿಶೀಲಿಸಿ' ಎಂದು ಬರೆದು ಅಂದೇ ಮುಂದಕ್ಕೆ ಕಳಿಸಿದರು. ಅದು ಈಗ ಯಾವ ಮೇಜಿನ ಮೇಲಿದೆಯೋ, ಯಾರನ್ನು ಕೇಳಿದರೂ ಇಲ್ಲಿಂದ ಹೋಗಿದೆ ಎನ್ನುತ್ತಾರೆ. ಗುಬ್ಬಿಯ ಅಧಿಕಾರಿಗೆ ತರಬೇತಿಯ ಪ್ರಮಾಣಪತ್ರ ಕಳಿಸಿದೆ. ಅಜ್ಜಿ ಹೇಗಿದ್ದಾರೆ ಎಂದು ಅವರು ಫೋನಿನಲ್ಲಿ ಕೇಳಿದರು. ಮನಸ್ಸಿನಿಂದಲೇ ಕೇಳಿದರು. ನಾನು ಫೋನ್ ಇಟ್ಟೆ.

ಅಜ್ಜಿ ಗುಬ್ಬಿಗೆ ಮತ್ತೆ ಹೋಗಲಿಲ್ಲ. ಮಗಳ ಜೊತೆ ಕುಣಿಗಲ್ಲಿಗೆ ಹೋಗಿ, ಕೂದಲು ತುಸು ಬೆಳೆಯುವವರೆಗೂ ಮನೆಯಲ್ಲಿದ್ದು, ಆಮೇಲೆ ಅಲ್ಲಿಯ ಬಸ್ ನಿಲ್ದಾಣದಲ್ಲಿ ಕೂರತೊಡಗಿದಳು.

ಈ ವರ್ಷ ಮತ್ತೆ ತರಬೇತಿ ಬಂದಿದೆ. ಬೇರೆ ತಜ್ಞರು, ಅದೇ ವಿಷಯ. ಹಣ ಕೊಡುವವರಿಗೆ ಕ್ಷೇತ್ರ ಭೇಟಿ ಬೇಕೇ ಬೇಕು. ಕೈಬಿಡಿ ಎಂದು ನಾನು ಕೇಳಿ ನೋಡಿದೆ, ಅದಿಲ್ಲದೆ ಕಾರ್ಯಕ್ರಮವೇ ಇಲ್ಲ ಎಂದರು. ಜಾಗವನ್ನು ಮೇಲಿನವರೇ ಆರಿಸಿದರು, ಗುಬ್ಬಿ ಆಗಿದೆಯಲ್ಲ, ಈ ಸಲ ಕುಣಿಗಲ್ ಬಸ್ ನಿಲ್ದಾಣ ಎಂದು. ಟಿ.ಪಿ. ಟೈಪ್ ಮಾಡಿದೆ. 'ಅಗತ್ಯ ಸಿದ್ಧತೆ' ಎಂಬ ಸಾಲು ಬೇಡ ಸರ್ ಎಂದು ನೋಡಲ್ ಅಧಿಕಾರಿಯನ್ನು ಕೈಮುಗಿದು ಕೇಳಿಕೊಂಡೆ. ಅದಿಲ್ಲದೆ ಮುಖಪತ್ರ ಹೇಗಾಗುತ್ತೆ ಮೇಡಂ ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

ಸಂಜೆ ಅಜ್ಜಿಯ ಮಗಳಿಗೆ ಫೋನ್ ಮಾಡಿದೆ.

"ಬುಧವಾರ, ಗುರುವಾರ ಅಮ್ಮನ್ನ ಬಸ್‌ಸ್ಟ್ಯಾಂಡಿಗೆ ಕಳಿಸಬೇಡ ಕಣೇ."

ಅವಳು ಯಾಕೆ ಎಂದು ಕೇಳಲಿಲ್ಲ. "ಮತ್ತೆ ಬರ್ತಾ ಅವ್ರಾ ಅಕ್ಕ, ನಿಮ್ಮೋರು?"

"ಹೂಂ."

ಅವಳು ಫೋನ್ ಇಡದೆಯೇ ಒಳಗೆ ಕೂಗಿ ಹೇಳಿದ್ದು ಕೇಳಿಸಿತು. "ಅಮ್ಮಾ, ಎಲ್ಡ್ ದಿನ ಮನೆ ಬುಟ್ಟು ಈಚೆಗೆ ಬರಂಗಿಲ್ವಂತೆ, ಅಕ್ಕ ಹೇಳವ್ರೆ."

"ನಾ ಹೋಗ್ತೀನಿ ಕಣೇ, ವ್ಯಾಪಾರ ಐತೆ" ಎಂದಿತು ಅಜ್ಜಿಯ ಧ್ವನಿ.

"ಹೋಗೋಕೆ ಬಿಡಬೇಡ ಅವಳನ್ನ" ಎಂದೆ ನಾನು.